ಅಟ್ಟದಲ್ಲಿ ಕರಗಿದ ಕನೆಕ್ಟರು: ಹಾನುಬಾಳು ಕಡೆಯ ಒಂದು ತೋಟದ ಮನೆಯ ಸೋಲಾರ್ ಕೇಸು

2025ರ ಮೇ ತಿಂಗಳು, ಮಧ್ಯಾಹ್ನ ಹನ್ನೆರಡೂವರೆ ಇರಬೇಕು, ನಾನು ಹಾಸನದಲ್ಲಿ ಒಂದು ಕಲ್ಯಾಣ ಮಂಟಪದ ಪ್ಯಾನೆಲ್ ಬೋರ್ಡ್ ಕೆಲಸದಲ್ಲಿದ್ದೆ, ಆಗ ಫೋನ್ ಬಂತು. ಸಕಲೇಶಪುರದಿಂದ ಹಾನುಬಾಳಿಗೆ ಹೋಗೋ ದಾರೀಲಿ ಒಂದು ಕಾಫಿ ತೋಟ ಇದೆ, ಆ ಮನೆ ಹಳೇ ವೈರಿಂಗ್ ಕಿತ್ತು ಹೊಸದು ಮಾಡಿಕೊಟ್ಟಿದ್ದು ನಾನೇ, ಹಂಗಾಗಿ ಕರೆಂಟ್ ವಿಷ್ಯ ಏನೇ ಬಂದ್ರೂ ಗೌಡ್ರು ನಂಗೇ ಫೋನ್ ಮಾಡೋದು. "ನೋಡಪ್ಪ, ಅಟ್ಟದ ಮೇಲಿಂದ ಪ್ಲಾಸ್ಟಿಕ್ ಸುಟ್ಟ ವಾಸ್ನೆ ಬತ್ತಾ ಐತೆ, ಸೋಲಾರ್ ಡಬ್ಬಿ ಸ್ವಿಚ್ಚು ಇಳಿಸ್ದೆ, ಚುರ್ರ್ ಅಂತು, ಆದ್ರೂ ಆ ಇನ್ವರ್ಟರ್ ಓಡ್ತಾನೇ ಐತೆ" ಅಂದ್ರು.

ಆ ಮಾತು ಕೇಳಿ ಎದೆ ಧಸಕ್ ಅಂತು. ಸ್ವಿಚ್ ಇಳಿಸಿದ್ರೂ ಓಡ್ತಿದೆ ಅಂದ್ರೆ ಒಳಗೆ ಕಾಂಟ್ಯಾಕ್ಟ್ ಬೆಸುಗೆ ಆಗ್ಬಿಟ್ಟಿದೆ ಅಂತ ಅರ್ಥ. "ಗೌಡ್ರೇ, ಆ ಡಬ್ಬಿ ಮತ್ತೆ ಮುಟ್ಬೇಡಿ, ಕೆಳಗೆ ಮೀಟರ್ ಹತ್ರ ಸೋಲಾರ್ ಅಂತ ಬರೆದಿರೋ ಎಸಿ ಬ್ರೇಕರ್ ಇದೆಯಲ್ಲ ಅದನ್ನ ಇಳಿಸಿ, ಇಳಿಸಿದ್ಮೇಲೆ ಇನ್ವರ್ಟರ್ ಸೊನ್ನೆ ತೋರಿಸುತ್ತಾ ನೋಡಿ ಹೇಳಿ" ಅಂದೆ. ಇಳಿಸಿದ್ರು, ಸೊನ್ನೆ ಆಯ್ತು. ಇನ್ವರ್ಟರ್ ಅಂದ್ರೆ ಪ್ಯಾನೆಲ್ಲಿಂದ ಬರೋ ಡಿಸಿನ (ಒಂದೇ ದಿಕ್ಕಿಗೆ ಹರಿಯೋ ಕರೆಂಟ್) ಮನೆಗೆ ಬೇಕಾದ ಎಸಿ (ದಿಕ್ಕು ಬದಲಿಸ್ತಾ ಹರಿಯೋ ಕರೆಂಟ್) ಮಾಡೋ ಯಂತ್ರ. ಊರ ಲೈನಿಗೆ ಸೇರಿಸಿರೋ ಇನ್ವರ್ಟರ್‌ಗೆ ಆ ಕಡೆಯಿಂದ ಕರೆಂಟ್ ಸಿಗದಿದ್ರೆ ತಾನೇ ನಿಂತುಹೋಗುತ್ತೆ, ಅದು ನಿಂತ್ರೆ ಪ್ಯಾನೆಲ್ ಕಡೆಯಿಂದ ಎಳೆಯೋರು ಯಾರೂ ಇಲ್ಲ, ತಂತಿಯಲ್ಲಿ ಆಂಪ್ಸ್, ಅಂದ್ರೆ ಹರಿಯೋ ಕರೆಂಟು, ಇಲ್ಲ, ಬಿಸಿ ಆಗಿದ್ದು ತಣ್ಣಗಾಗುತ್ತೆ. ವೋಲ್ಟೇಜ್ ಮಾತ್ರ ಹಂಗೇ ಇರುತ್ತೆ, ಬಿಸಿಲಿರೋ ತನಕ ಅದನ್ನ ಆಫ್ ಮಾಡೋಕೆ ಯಾರಿಂದಲೂ ಆಗಲ್ಲ. "ಅಟ್ಟದಲ್ಲಿರೋ ಗೋಣಿಚೀಲ ಎಲ್ಲ ಕೆಳಗಿಳಿಸಿ, ತಂತಿ ಮುಟ್ಟೋದು ಬೇಡ, ನೀರು ಹಾಕೋದು ಬೇಡವೇ ಬೇಡ" ಅಂತ ಹೇಳಿ ಬೈಕ್ ಹತ್ತಿದೆ. ಒಂದೂವರೆ ಗಂಟೆ ದಾರಿ, ಅಷ್ಟರಲ್ಲಿ ಎರಡು ಸಲ ನಿಲ್ಲಿಸಿ ಫೋನ್ ಮಾಡಿ ಹೊಗೆ ಇದೆಯಾ ಅಂತ ಕೇಳಿದ್ದೀನಿ.

ಸಿಸ್ಟಮ್ ಬಗ್ಗೆ ಹೇಳ್ಬಿಡ್ತೀನಿ. 2024ರ ನವೆಂಬರಲ್ಲಿ ಹಾಕಿಸಿದ್ದು, ಮನೆ ಸೋಲಾರಿಗೆ ಸಬ್ಸಿಡಿ ಕೊಡೋ ಕೇಂದ್ರ ಸರ್ಕಾರದ ಪಿಎಂ ಸೂರ್ಯ ಘರ್ ಸ್ಕೀಮಲ್ಲಿ. 540 ವ್ಯಾಟಿನ ಹತ್ತು ಪ್ಯಾನೆಲ್, ಹತ್ತೂ ಒಂದೇ ಸಾಲಲ್ಲಿ ಸೀರೀಸ್ ಆಗಿ (ಎಲ್ಲದರ ವೋಲ್ಟೇಜ್ ಕೂಡೋ ಹಂಗೆ) ಒಂದು 5 ಕಿಲೋವ್ಯಾಟ್ ಸಿಂಗಲ್ ಫೇಸ್ ಇನ್ವರ್ಟರ್‌ಗೆ. ಮನೆಯ ಹಂಚಿನ ಮಾಡು ಬಿಟ್ಟು ಹಿಂದೆ ಕಾಫಿ, ಮೆಣಸು ಇಡೋ ಶೀಟಿನ ಗೋಡೌನ್ ಮೇಲೆ ಜಿಐ ಸ್ಟ್ರಕ್ಚರ್ ಹಾಕಿ ಕೂರ್ಸಿದ್ರು, ತಂತಿ ಶೀಟಿನ ಸಂದಿಂದ ಒಳಗಿಳಿದು ಗೋಡೌನಿನ ಅಟ್ಟದ ಮೇಲೆ ಹಾದು ಗೋಡೆ ಮೇಲಿನ ಡಿಸಿ ಡಬ್ಬಿಗೆ (ಗೌಡ್ರು ಸ್ವಿಚ್ ಇಳಿಸಿದ್ದು ಇದರಲ್ಲೇ) ಬರುತ್ತೆ. ಮೊದಲ 2 ಕಿಲೋವ್ಯಾಟಿಗೆ ತಲಾ 30,000, ಮೂರನೇದಕ್ಕೆ 18,000, ಅದಕ್ಕಿಂತ ಎಷ್ಟು ದೊಡ್ಡದು ಹಾಕಿದ್ರೂ ಸಬ್ಸಿಡಿ 78,000ಕ್ಕೇ ನಿಲ್ಲುತ್ತೆ, ಆ 78,000 ಇವರ ಅಕೌಂಟಿಗೆ ಬಂದಿತ್ತು. ಗೌಡ್ರ ಲೆಕ್ಕ ಏನಂದ್ರೆ ಸರ್ಕಾರದ ದುಡ್ಡೇ ಬಂದ್ಮೇಲೆ ಯಾರೋ ಒಬ್ಬ ದೊಡ್ಡೋರು ಮೇಲೆ ಹತ್ತಿ ನೋಡಿ ಸರಿ ಐತೆ ಅಂದಿರ್ಬೇಕು ಅಂತ. ತಪ್ಪೇನಿಲ್ಲ ಅವರದ್ದು, ನಾವೆಲ್ಲ ಹಂಗೇ ಅನ್ಕೊಳ್ತೀವಿ.

ನಾನು ಹೋದಾಗ ಎರಡು ಗಂಟೆ ದಾಟಿತ್ತು, ಸುಡೋ ಬಿಸಿಲು. ಇನ್ವರ್ಟರ್ ಕೆಳಗಿರೋ ತಿರುಗೋ ಡಿಸಿ ಸ್ವಿಚ್ ಆಫ್ ಮಾಡಿದೆ, ಆಮೇಲೆ ಕ್ಲಾಂಪ್ ಮೀಟರ್‌ನ ಡಿಸಿಗೆ ಇಟ್ಟು ಎರಡೂ ತಂತಿ ಒಂದೊಂದಾಗಿ ಹಿಡಿದು ನೋಡಿದೆ, ಸೊನ್ನೆ ಆಂಪ್ಸ್. ವೋಲ್ಟೇಜ್ ನೋಡಿದ್ರೆ 448. ಈ ನಂಬರ್ ನೆನಪಲ್ಲಿಟ್ಕೊಳ್ಳಿ, ಮುಂದೆ ಬರುತ್ತೆ. ಟಾರ್ಚ್ ಹಾಕಿ ಅಟ್ಟ ನೋಡಿದೆ, ಒಂದು ಕಡೆ ತಂತಿ ಜೋಡಣೆ ಕನೆಕ್ಟರ್ ಕರಗಿ ಬೆಲ್ಲದ ಪಾಕ ಇಳಿದಂಗೆ ಇಳಿದಿದೆ, ಮೇಲಿನ ಮರದ ಪಕಾಸಿ ಕಪ್ಪಾಗಿದೆ, ಅದರ ಸರಿಯಾಗಿ ಕೆಳಗೆ ಒಂದೂವರೆ ಅಡಿ ಅಂತರದಲ್ಲಿ ಗೋಣಿಚೀಲದ ಅಟ್ಟಿ ಇತ್ತಂತೆ, ಆಳು ಕೆಳಗಿಳಿಸಿದ ಮೇಲಿನ ಚೀಲದಲ್ಲಿ ಪ್ಲಾಸ್ಟಿಕ್ ತೊಟ್ಟಿಕ್ಕಿ ಮೂರು ಕಡೆ ತೂತು. ಗೌಡ್ರ ಹೆಂಡ್ತಿ, ನಾನು ಅಮ್ಮ ಅಂತೀನಿ ಅವರನ್ನ, ಆ ಚೀಲ ಕೈಯಲ್ಲಿ ಹಿಡ್ಕೊಂಡು ಸುಮ್ನೆ ನಿಂತಿದ್ರು. ವರ್ಷದ ಮೆಣಸು ಅಲ್ಲೇ ಕೆಳಗೆ ಇತ್ತು.

ಇಂಥ ಕನೆಕ್ಟರ್‌ನ ಹಗಲು ಹೊತ್ತು ಕೈಯಲ್ಲಿ ಎಳೆದು ಬಿಚ್ಚೋಕೆ ಹೋಗಬಾರದು. ಮನೆ ಕರೆಂಟ್ ಎಸಿ, 50 ಹರ್ಟ್ಸ್, ಅಂದ್ರೆ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬಂದು ಹೋಗುತ್ತೆ, ಕಿಡಿ ಎದ್ರೂ ಆ ಸೊನ್ನೆಯಲ್ಲಿ ಆರುತ್ತೆ. ಡಿಸಿಗೆ ಆ ಸೊನ್ನೆನೇ ಇಲ್ಲ, ಒಂದ್ಸಲ ಕಿಡಿ ಹತ್ತಿಕೊಂಡ್ರೆ ವೆಲ್ಡಿಂಗ್ ಥರ ಉರೀತಾನೇ ಇರುತ್ತೆ. ಅದಕ್ಕೇ ಕಾದೆ. ಬೆಲ್ಟ್ ಹಾಕ್ಕೊಂಡು ಮೇಲೆ ಹತ್ತಿ ಕಾಫಿ ಒಣಗಿಸೋ ಟಾರ್ಪಾಲ್‌ನ ಎರಡು ಪದರ ಮಡಚಿ ಪ್ಯಾನೆಲ್ ಮೇಲೆ ಹೊದೆಸಿ ಹಗ್ಗ ಕಟ್ಟಿದ್ವಿ, ಬಿಚ್ಚೋ ಕೆಲಸ ಶುರು ಮಾಡಿದ್ದು ಕತ್ತಲಾದ ಮೇಲೆ. ಒಂದು ವಿಷ್ಯ ಬಹಳ ಜನಕ್ಕೆ ಗೊತ್ತಿಲ್ಲ, ಸಂಜೆ ಸೂರ್ಯ ಇಳಿದು ಬೆಳಕು ಮಬ್ಬಾದಾಗ ಆಂಪ್ಸ್ ಬಿದ್ದೋಗುತ್ತೆ ಆದ್ರೆ ವೋಲ್ಟೇಜ್ ಅಷ್ಟು ಬೇಗ ಬೀಳಲ್ಲ, ಮೀಟರ್ ಹಿಡಿದು ನೋಡದೆ "ಸಂಜೆ ಆಯ್ತಲ್ಲ" ಅಂತ ಕೈ ಹಾಕಿದ್ರೆ ಹೊಡೆತ ಗ್ಯಾರಂಟಿ.

ಬಿಚ್ಚಿ ನೋಡಿದ್ಮೇಲೆ ಕಥೆ ಒಂದೊಂದಾಗಿ ಹೊರಗೆ ಬಂತು.

ಕರಗಿದ ಜೋಡಿಯ ಒಂದು ಭಾಗ ಪ್ಯಾನೆಲ್ ಜೊತೆ ಕಾರ್ಖಾನೆಯಿಂದಲೇ ಬಂದಿದ್ದು, ಇನ್ನೊಂದು ಭಾಗ ಬೇರೆ ಮೇಕು, ಅಂಗಡಿಯಿಂದ ತಂದಿದ್ದು. ನೋಡೋಕೆ ಎರಡೂ ಒಂದೇ ಥರ, ಒಂದರೊಳಗೊಂದು ಟಕ್ ಅಂತ ಕೂರುತ್ತೆ, ಕೂತ್ಮೇಲೆ ಸರಿ ಇದೆ ಅಂತ್ಲೇ ಅನ್ಸುತ್ತೆ. ಆದ್ರೆ ಒಳಗಿನ ಲೋಹದ ಪಿನ್ ಅಳತೆ, ಲೇಪನ, ರಬ್ಬರ್ ಸೀಲ್ ಎಲ್ಲ ಆಯಾ ಕಂಪನಿದು ಬೇರೆ ಬೇರೆ. ಕನೆಕ್ಟರ್‌ಗೆ ಐಇಸಿ (ಕರೆಂಟ್ ಸಾಮಾನಿಗೆ ಅಂತಾರಾಷ್ಟ್ರೀಯ ನಿಯಮ ಮಾಡೋ ಸಂಸ್ಥೆ) 62852 ಅಂತ ಸ್ಟ್ಯಾಂಡರ್ಡ್ ಇದೆ, ಪ್ಯಾನೆಲ್ ಸಾಲು ಹೇಗೆ ಜೋಡಿಸಬೇಕು ಅನ್ನೋದಕ್ಕೆ ಐಇಸಿ 62548 ಇದೆ, ಒಂದೇ ತಯಾರಕರ ಒಂದೇ ಟೈಪಿನ ಜೋಡಿನೇ ಸೇರಿಸಬೇಕು ಅನ್ನೋದು ಅದರಲ್ಲಿ ಸ್ಪಷ್ಟ ಇದೆ. ಸಾಲದ್ದಕ್ಕೆ ಈ ಪಿನ್ನನ್ನ ಕ್ರಿಂಪಿಂಗ್ ಟೂಲ್ ಬಿಟ್ಟು ಕಟಿಂಗ್ ಪ್ಲೇಯರಲ್ಲಿ ಅಮುಕಿದ್ರು, ಹಲ್ಲಿನ ಗುರುತು ಕಾಣ್ತಿತ್ತು. ಸಡಿಲ ಜೋಡಣೆ ಅಂದ್ರೆ ಎಷ್ಟು ಬಿಸಿ ಅಂತ ಒಂದು ಲೆಕ್ಕ ಹೇಳ್ತೀನಿ: ಆ ಜಾಗದಲ್ಲಿ ಅರ್ಧ ಓಮ್ ರೆಸಿಸ್ಟೆನ್ಸ್ ಬಂತು ಅನ್ಕೊಳ್ಳಿ, ಮಧ್ಯಾಹ್ನ ಹರಿಯೋದು 12 ಆಂಪ್ಸ್, ಹನ್ನೆರಡು ಹನ್ನೆರಡ್ಲ ನೂರ ನಲವತ್ನಾಲ್ಕು, ಅದರ ಅರ್ಧ 72 ವ್ಯಾಟ್. ನಾವು ಬೋರ್ಡ್ ಕೆಲಸಕ್ಕೆ ಬಳಸೋ ಸಾಲ್ಡರಿಂಗ್ ಐರನ್ 25 ವ್ಯಾಟ್. ಹೆಬ್ಬೆರಳು ಗಾತ್ರದ ಪ್ಲಾಸ್ಟಿಕ್ಕೊಳಗೆ ಅಂಥ ಮೂರು ಐರನ್ ದಿನಾ ನಾಲ್ಕೈದು ಗಂಟೆ ಇಟ್ಟಂಗೆ.

ಆಮೇಲೆ ಡಬ್ಬಿ. ಗೌಡ್ರು ಇಳಿಸಿದ ಆ ಎಂಸಿಬಿ (ಕರೆಂಟ್ ಕಡಿಯೋ ಬ್ರೇಕರ್ ಸ್ವಿಚ್) ಎಸಿಗೆ ಮಾಡಿದ್ದು. ಮೈಮೇಲೆ 240/415 ಅಂತ ಇದ್ದು ಪಕ್ಕದಲ್ಲಿ ಅಲೆ ಥರ ಸಣ್ಣ ಗೆರೆ, ಆ ಅಲೆ ಗೆರೆ ಇದ್ರೆ ಎಸಿ. ಡಿಸಿದಾದ್ರೆ ನೇರ ಗೆರೆ, ಅದರ ಕೆಳಗೆ ತುಂಡು ಗೆರೆ, ಜೊತೆಗೆ ಎಷ್ಟು ವೋಲ್ಟ್ ಡಿಸಿ ಅಂತಾನೂ ಬರೆದಿರುತ್ತೆ, ಕೆಲವದ್ರಲ್ಲಿ ಪ್ಲಸ್ ಮೈನಸ್ ಯಾವ ಕಡೆ ಅನ್ನೋದೂ ಮುಖ್ಯ, ತಿರುಗಾ ಮುರುಗಾ ಹಾಕಿದ್ರೆ ಡಿಸಿ ಎಂಸಿಬಿನೂ ಕಿಡಿ ಆರಿಸಲ್ಲ. ಇಲ್ಲಿ ಎಸಿ ಎಂಸಿಬಿನ ಲೋಡ್ ಇರುವಾಗ್ಲೇ ಇಳಿಸಿದ್ರಿಂದ ಚುರ್ರ್ ಅಂದಿದ್ದು ಒಳಗಿನ ಕಿಡಿ, ಕಾಂಟ್ಯಾಕ್ಟ್ ಎರಡೂ ಕರಗಿ ಅಂಟಿಕೊಂಡು, ಹಿಡಿ ಕೆಳಗೆ ಬಂದಿದ್ರೂ ಕರೆಂಟ್ ಹರೀತಾನೇ ಇತ್ತು. ಮನೆ ಯಜಮಾನ ಸ್ವಿಚ್ ಆಫ್ ಮಾಡಿದೀನಿ ಅಂತ ನಂಬಿ ಮೇಲೆ ಹತ್ತಿ ತಂತಿ ಹಿಡಿದಿದ್ರೆ? ಈ ಕೇಸಲ್ಲಿ ನನ್ನನ್ನ ಬಹಳ ಕಾಡಿದ್ದು ಇದೇ. ಉಳಿದ ತಪ್ಪುಗಳು ನಿಧಾನಕ್ಕೆ ಕೆಡಿಸ್ತವೆ, ಈ ತಪ್ಪು ಕಷ್ಟ ಬಂದ ಗಳಿಗೆಯಲ್ಲಿ ಕೈ ಕೊಡುತ್ತೆ.

ಇನ್ನೊಂದು ಸಂಗತಿ ಗೌಡ್ರ ಮಗ ಮಾತಾಡ್ತಾ ಹೇಳಿದ್ದು. ಮಾರ್ಚಲ್ಲಿ ಹೂ ಮಳೆ (ಕಾಫಿ ಹೂ ಅರಳಿಸೋ ಮಳೆ) ಬಿದ್ದಾಗಿನಿಂದ, ರಾತ್ರಿ ಮಳೆ ಬಂದ್ರೆ ಬೆಳಗ್ಗೆ ಇನ್ವರ್ಟರ್ ಕೆಂಪು ಲೈಟ್ ಹಾಕ್ಕೊಂಡು ಇನ್ಸುಲೇಷನ್ ಫಾಲ್ಟ್ ಅಂತ ತೋರಿಸ್ತಿತ್ತಂತೆ, ಹತ್ತು ಹನ್ನೊಂದಕ್ಕೆ ಬಿಸಿಲೇರಿದ್ಮೇಲೆ ತಾನೇ ಶುರುವಾಗ್ತಿತ್ತಂತೆ. ಹಾಕಿಕೊಟ್ಟ ಕಂಪನಿಗೆ ಫೋನ್ ಮಾಡಿದ್ರೆ "ಮಲೆನಾಡಲ್ಲಿ ಇಬ್ಬನಿಗೆ ಹಂಗಾಗುತ್ತೆ, ನಾರ್ಮಲ್" ಅಂದ್ರಂತೆ. ನಾರ್ಮಲ್ ಅಲ್ಲ ಅದು. ಇನ್ವರ್ಟರ್ ದಿನಾ ಬೆಳಗ್ಗೆ ಶುರುವಾಗೋ ಮುಂಚೆ ಪ್ಯಾನೆಲ್ ತಂತಿಗಳಿಂದ ಭೂಮಿಗೆ ಸೋರಿಕೆ ಇದೆಯಾ ಅಂತ ತಾನೇ ಅಳೆದು ನೋಡುತ್ತೆ, ಸೋರ್ತಿದ್ರೆ ಓಡಲ್ಲ ಅಂತ ಕೂರುತ್ತೆ. ಎರಡು ತಿಂಗಳಿಂದ ಪ್ರತೀ ಮಳೆ ಬೆಳಗ್ಗೆನೂ ಅದು ಕೂಗಿ ಹೇಳ್ತಾನೇ ಇತ್ತು.

ಎಲ್ಲಿ ಸೋರ್ತಿದೆ ಅಂತ ಹುಡುಕೋಕೆ ಮಾರನೇ ದಿನ ಬೆಳಗಿನ ಜಾವ ಬೆಳಕು ಹರಿಯೋ ಮುಂಚೆನೇ ಹೋದೆ. ಡಿಸಿ ಡಬ್ಬಿಯಲ್ಲಿರೋ, ಸಿಡಿಲಿನ ಹೊಡೆತ ತಡೆಯೋ ಸರ್ಜ್ ಪ್ರೊಟೆಕ್ಟರ್ ಬಿಚ್ಚಿಟ್ಟು (ಅದನ್ನ ಬಿಚ್ಚದೇ ಮೆಗ್ಗರ್, ಅಂದ್ರೆ ತಂತಿಯ ಸೋರಿಕೆ ಅಳೆಯೋ ಮೀಟರ್, ಹಾಕಿದ್ರೆ ಸುಳ್ಳು ರೀಡಿಂಗ್ ಬರುತ್ತೆ, ಅದೂ ಹಾಳಾಗಬಹುದು) ಶೀಟಿನ ಮೇಲೆ ಬಕೆಟಲ್ಲಿ ನೀರು ಹಾಕಿಸಿ 1000 ವೋಲ್ಟಲ್ಲಿ ಮೆಗ್ಗರ್ ಮಾಡಿದೆ. ಈ ಅಳತೆಯ ಸಿಸ್ಟಮ್ಮಿಗೆ ಕನಿಷ್ಠ 1 ಮೆಗಾಓಮ್ ಬರ್ಬೇಕು (ಕಮ್ಮಿ ಬಂದಷ್ಟೂ ಸೋರಿಕೆ ಜಾಸ್ತಿ), ಬಂದಿದ್ದು 0.04. ತಂತಿ ಹಿಡ್ಕೊಂಡು ಹೋದ್ರೆ ಕೊನೇ ಆರು ಮೀಟರ್ ಸೋಲಾರ್ ಕೇಬಲ್ಲೇ ಅಲ್ಲ, ಮಾಮೂಲಿ ಮನೆ ವೈರಿಂಗ್ ವೈರು, ತಂದಿದ್ದು ಸಾಲ್ಲಿಲ್ಲ ಅಂತ ಜೋಡಿಸಿದ್ದಾರೆ, ಅದೂ ಶೀಟಿನ ಕತ್ತರಿಸಿದ ಅಂಚಿನ ಮೇಲೆ ಪೈಪಿಲ್ಲದೆ ಎಳೆದಿದ್ದಾರೆ, ಗಾಳಿಗೆ ಶೀಟ್ ಅಲ್ಲಾಡಿ ಅಲ್ಲಾಡಿ ವೈರ್ ಮೇಲಿನ ಪ್ಲಾಸ್ಟಿಕ್ ಕುಯ್ದು ತಾಮ್ರ ಕಾಣ್ತಿತ್ತು. ಕೋತಿಗಳೂ ಎಳೆದಿರಬಹುದು, ಅಲ್ಲಿ ಕೋತಿ ಕಾಟ ಜಾಸ್ತಿ, ಸಡಿಲ ಇರೋ ತಂತಿ ಕಂಡ್ರೆ ಬಿಡಲ್ಲ. ಸೋಲಾರ್ ಡಿಸಿ ಕೇಬಲ್‌ಗೆ ನಮ್ಮ ದೇಶದ್ದೇ ಸ್ಟ್ಯಾಂಡರ್ಡ್ ಐಎಸ್ 17293 ಇದೆ, 1500 ವೋಲ್ಟ್ ಡಿಸಿಗೆ, ಎರಡು ಪದರ, ಬಿಸಿಲಿಗೆ ಬಿರಿಯದ ಹೊದಿಕೆ. ಮನೆ ವೈರು ಬಿಸಿಲಲ್ಲಿ ಬಿದ್ದಿದ್ರೆ ಕೆಲವೇ ವರ್ಷಕ್ಕೆ ಹಪ್ಪಳದ ಥರ ಆಗುತ್ತೆ. ಮಳೆ ನೀರು ಬಿದ್ರೆ ಆ ತಾಮ್ರದಿಂದ ಶೀಟಿಗೆ, ಶೀಟಿಂದ ಕಬ್ಬಿಣದ ಕಂಬಕ್ಕೆ, ಕಂಬದಿಂದ ನೆಲಕ್ಕೆ ಸೋರಿಕೆ. ಮಳೆಯಲ್ಲಿ ಆ ಗೋಡೌನ್ ಕಂಬಕ್ಕೆ ಒರಗಿಕೊಂಡು ನಿಂತವರ ಗತಿ ಏನಾಗ್ತಿತ್ತು ಅಂತ ಯೋಚ್ನೆ ಮಾಡಿದ್ರೆ ಈಗ್ಲೂ ಮೈ ಜುಮ್ ಅನ್ನುತ್ತೆ.

ಈಗ ಆ ನಂಬರಿಗೆ ಬರ್ತೀನಿ. ಗೌಡ್ರು ಫೈಲ್ ತೆಗೆದುಕೊಟ್ರು, ಒಳ್ಳೇ ಪ್ಲಾಸ್ಟಿಕ್ ಫೋಲ್ಡರ್, ಪ್ಯಾನೆಲ್ ಸರ್ಟಿಫಿಕೇಟು, ಐಎಸ್ 14286, ಐಇಸಿ 61730 ಎಲ್ಲ ಇದೆ, ಇನ್ವರ್ಟರ್‌ದು ಐಎಸ್ 16221, ಐಎಸ್ 16169 ಎಲ್ಲ ಇದೆ, ನಿಜವಾದ ಕಾಗದಗಳೇ, ಮಾಲು ಕೂಡ ಒಳ್ಳೇದೇ. ಕೊನೇಲಿ ಒಂದು ಟೆಸ್ಟ್ ರಿಪೋರ್ಟ್. ಸ್ಟ್ರಿಂಗ್ (ಹತ್ತೂ ಪ್ಯಾನೆಲ್ಲಿನ ಸಾಲು) ವೋಲ್ಟೇಜ್ 495, ಸಮಯ ಮಧ್ಯಾಹ್ನ 12.30. ಇನ್ಸುಲೇಷನ್ "ಸರಿ ಇದೆ". ಅರ್ಥ್ "5 ಓಮ್‌ಗಿಂತ ಕಮ್ಮಿ".

ನಾನು ಆ 495ನೇ ನೋಡ್ತಾ ಕೂತೆ. ಈ ಪ್ಯಾನೆಲ್ಲಿನ ಹಿಂದೆ ಅಂಟಿಸಿರೋ ಸ್ಟಿಕ್ಕರಲ್ಲಿ ಓಪನ್ ಸರ್ಕ್ಯೂಟ್ (ಕರೆಂಟ್ ಎಳೆಯದೆ ಇರುವಾಗಿನ) ವೋಲ್ಟೇಜ್ 49.5 ಅಂತ ಇದೆ, ಹತ್ತರಿಂದ ಗುಣಿಸಿದ್ರೆ ಸರಿಯಾಗಿ 495. ಆದ್ರೆ ಆ ಸ್ಟಿಕ್ಕರ್ ನಂಬರು ಪ್ಯಾನೆಲ್ ಒಳಗಿನ ಸೆಲ್ 25 ಡಿಗ್ರಿ ಇದ್ದಾಗಿನ ಲ್ಯಾಬ್ ಲೆಕ್ಕ. ಬಿಸಿಲಿಗೆ ಬಿದ್ದ ಪ್ಯಾನೆಲ್ ಮಧ್ಯಾಹ್ನ ಐವತ್ತು ಅರವತ್ತು ಡಿಗ್ರಿಗೆ ಹೋಗುತ್ತೆ, ಪ್ರತೀ ಡಿಗ್ರಿಗೆ ಹತ್ತತ್ರ ಶೇಕಡಾ 0.27 ವೋಲ್ಟೇಜ್ ಇಳಿಯುತ್ತೆ. ನಾನು ಮೇ ತಿಂಗಳಲ್ಲಿ ಅಳೆದಿದ್ದು 448, ಲೆಕ್ಕ ಹಾಕಿದ್ರೂ ಅಷ್ಟೇ ಬರುತ್ತೆ. ನವೆಂಬರ್ ಅಂತ ಸ್ವಲ್ಪ ಜಾಸ್ತಿ ಹಿಡಿಯೋಣ, 460, 465. ಬಿಸಿಲಲ್ಲಿ ಕಾದ ಪ್ಯಾನೆಲ್ ಮಧ್ಯಾಹ್ನ ಹನ್ನೆರಡೂವರೆಗೆ ಸರಿಯಾಗಿ 495 ತೋರಿಸೋದು ಆಗದ ಮಾತು. ಅಂದ್ರೆ ಯಾರೂ ಮೀಟರ್ ಹಿಡಿದೇ ಇಲ್ಲ, ಸ್ಟಿಕ್ಕರ್ ನೋಡಿ ಗುಣಿಸಿ ಬರೆದಿದ್ದಾರೆ. ಇದೊಂದು ಸುಳ್ಳಾದ್ಮೇಲೆ ಉಳಿದ ಎರಡನ್ನ ನಂಬೋದು ಹೇಗೆ? ನಿಜವಾಗ್ಲೂ ಮೆಗ್ಗರ್ ಮಾಡಿದ್ರೆ ಆ ಕುಯ್ದ ವೈರು ಅವತ್ತಲ್ದಿದ್ರೂ ಮೊದಲ ಮಳೆಗೆ ಕಂಪ್ಲೇಂಟ್ ಬಂದಾಗ್ಲಾದ್ರೂ ಸಿಕ್ತಿತ್ತು, ಕನೆಕ್ಟರ್ ಒಂದ್ಸಲ ಕೈಯಲ್ಲಿ ಹಿಡಿದು ನೋಡಿದ್ರೆ ಎರಡು ಮೇಕು ಅಂತ ಗೊತ್ತಾಗ್ತಿತ್ತು. ಹಾಕಿದ ಮೇಲೆ ಏನೇನು ಅಳೀಬೇಕು, ಹೇಗೆ ಬರೆದಿಡಬೇಕು ಅನ್ನೋದಕ್ಕೇ ಐಇಸಿ 62446-1 ಅಂತ ಒಂದು ಪೂರಾ ಸ್ಟ್ಯಾಂಡರ್ಡ್ ಇದೆ. ಈಗ 10 ಕಿಲೋವ್ಯಾಟ್ ತನಕ ಫೀಸಿಬಿಲಿಟಿ ಸ್ಟಡಿ (ಲೈನಿಗೆ ಸೇರಿಸಬಹುದಾ ಅಂತ ಮುಂಚೆ ನೋಡೋ ಪರಿಶೀಲನೆ) ಇಲ್ದೆನೇ ಅರ್ಜಿ ಒಪ್ಕೊಳ್ತಾರೆ, ಅದು ಒಳ್ಳೇದೇ, ಜನ ಅಲೆಯೋದು ತಪ್ಪಿದೆ, ಆದ್ರೆ ಹಂಗಾದಾಗ ಮಾಡಿನ ಮೇಲೆ ನಿಂತು ಮೀಟರ್ ಹಿಡಿಯೋ ಆ ಒಬ್ಬ ಮನುಷ್ಯನ ಮೇಲೇ ಎಲ್ಲ ನಿಂತಿರುತ್ತೆ. ಸರ್ಟಿಫಿಕೇಟು ಮಾಲಿನದು, ಜೋಡಿಸಿದ ಕೆಲಸದ್ದಲ್ಲ.

ಅರ್ಥಿಂಗ್ ಕೂಡ ಅಳೆದೆ, ಎರಡು ಕಡ್ಡಿ ದೂರದಲ್ಲಿ ನೆಟ್ಟು ಅರ್ಥ್ ಟೆಸ್ಟರಲ್ಲಿ. ಮೇಲೆ ಮೂರು ಪಿಟ್ (ಅರ್ಥಿಂಗ್ ಗುಂಡಿ) ಮುಚ್ಚಳ ಚೆನ್ನಾಗಿ ಕಾಣುತ್ತೆ, ಎಸಿಗೊಂದು, ಡಿಸಿ ಮತ್ತೆ ಸ್ಟ್ರಕ್ಚರಿಗೊಂದು, ಮಿಂಚು ಕಡ್ಡಿಗೊಂದು. ಡಿಸಿ ಪಿಟ್ 38 ಓಮ್. ಅಗೆದು ನೋಡಿದ್ರೆ ಒಂದು ಮೀಟರ್ ರಾಡು, ಕೆಳಗೆ ಜಂಬಿಟ್ಟಿಗೆ ಕಲ್ಲು ಸಿಕ್ಕಿದೆ, ಅಲ್ಲಿಗೇ ಕತ್ತರಿಸಿ ಮುಚ್ಚಿದ್ದಾರೆ. ನಮ್ಮ ಕಡೆ ಈ ಕಲ್ಲಿನದ್ದು ದೊಡ್ಡ ತಲೆನೋವು, ಮಳೆಗಾಲದಲ್ಲಿ ಒದ್ದೆ ಇದ್ದಾಗ ಓಮ್ ಚೆನ್ನಾಗಿ ಬರುತ್ತೆ, ಬೇಸಿಗೆಗೆ ಒಣಗಿ ಏರುತ್ತೆ, ಗುಡುಗು ಸಿಡಿಲು ಬರೋದು ಸರಿಯಾಗಿ ಆ ಒಣಗಿರೋ ಏಪ್ರಿಲ್ ಮೇನಲ್ಲೇ. ಮನೆಯಿಂದ ಕೆಳಗೆ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯೋ ಯಂತ್ರ) ನೀರು ಹರಿಯೋ ಕಡೆ, ಯಾವಾಗ್ಲೂ ತಂಪಿರೋ ಜಾಗದಲ್ಲಿ, ಮೂರು ಮೀಟರಿನ ಎರಡು ರಾಡು ಆರು ಮೀಟರ್ ಅಂತರ ಬಿಟ್ಟು ಹಾಕಿ (ರಾಡಿನ ಉದ್ದದ ಎರಡರಷ್ಟು ದೂರ ಬಿಡಬೇಕು, ಹತ್ರ ಹಾಕಿದ್ರೆ ಎರಡು ಹಾಕಿಯೂ ಪ್ರಯೋಜನ ಇಲ್ಲ) ಬೆಂಟೊನೈಟ್ (ತೇವ ಹಿಡಿದಿಡೋ ಜೇಡಿಪುಡಿ) ತುಂಬಿ ಜಿಐ ಪಟ್ಟಿಯಲ್ಲಿ ಸೇರಿಸಿದೆ, 4.6 ಓಮ್‌ಗೆ ಬಂತು. ಅರ್ಥಿಂಗಿಗೆ ಐಎಸ್ 3043 ಓದ್ಕೊಂಡ್ರೆ ಸಾಕು, ಎಲೆಕ್ಟ್ರಿಷಿಯನ್ ಆದೋನಿಗೆ ಅದಕ್ಕಿಂತ ಒಳ್ಳೇ ಪಾಠ ಇಲ್ಲ. ಪ್ಯಾನೆಲ್ ಫ್ರೇಮಿಗೆ ಬರೀ ತಾಮ್ರದ ತಂತಿ ಸುತ್ತಿದ್ದನ್ನೂ ತೆಗೆಸಿದೆ, ಅಲ್ಯೂಮಿನಿಯಮ್ಮಿಗೆ ತಾಮ್ರ ನೇರ ತಾಗಿ ಮಳೆ ಬಿದ್ರೆ ತಿಂದುಹಾಕುತ್ತೆ, ಅದಕ್ಕೇ ಅಂತ ಹಲ್ಲಿರೋ ಸ್ಟೀಲ್ ವಾಷರ್, ಲಗ್ ಬರುತ್ತೆ.

ಸ್ಟ್ರಕ್ಚರ್ ಪರವಾಗಿಲ್ಲ, ನಾಲ್ಕು ಕ್ಲಾಂಪ್ ಸಡಿಲ ಇತ್ತು, ಬಿಗಿ ಮಾಡಿದ್ವಿ.

ಕೊನೇದು ತೋಟದ ಮನೆಯೋರೆಲ್ಲ ನೋಡ್ಕೊಳ್ಳಲೇಬೇಕಾದ್ದು. ಇವರ ಮನೇಲಿ ಡೀಸೆಲ್ ಜನರೇಟರ್ ಇದೆ, ಚೇಂಜ್ ಓವರ್ (ಮನೆ ಲೋಡನ್ನ ಊರ ಲೈನಿಗೋ ಜನರೇಟರಿಗೋ ಬದಲಿಸೋ ಸ್ವಿಚ್) ಇದೆ. ಸೋಲಾರಿನ ಎಸಿ ತಂತಿ ಚೇಂಜ್ ಓವರ್ ಆದಮೇಲೆ, ಮನೆ ಲೋಡಿನ ಕಡೆ ಕೊಟ್ಟುಬಿಟ್ಟಿದ್ರು. ಕರೆಂಟ್ ಹೋಗಿ ಜನರೇಟರ್ ಹಾಕಿದ್ರೆ ಇನ್ವರ್ಟರ್ ಅದನ್ನೇ ಊರ ಕರೆಂಟ್ ಅನ್ಕೊಂಡು ಸೇರ್ಕೊಳ್ಳೋಕೆ ನೋಡುತ್ತೆ, ಮನೇಲಿ ಲೋಡ್ ಕಮ್ಮಿ ಇದ್ರೆ ಮಿಕ್ಕಿದ್ದು ಜನರೇಟರ್ ಒಳಗೇ ನುಗ್ಗುತ್ತೆ. "ಜನರೇಟರ್ ಹಾಕ್ದಾಗ ಒಂದೊಂದ್ಸಲ ಲೈಟು ವಿಪರೀತ ಪ್ರಕಾಶ ಬರ್ತಿತ್ತು ಕಣಪ್ಪ" ಅಂದ್ರು ಗೌಡ್ರು, ಅದೇ ಇದು. ತಂತಿನ ಚೇಂಜ್ ಓವರ್‌ಗಿಂತ ಮುಂಚೆ, ಮೀಟರ್ ಕಡೆಗೆ ವರ್ಗಾಯಿಸಿದ್ವಿ. ಲೈನ್‌ಮನ್ ಸುರಕ್ಷತೆಗೆ ಬೇಕಾದ ಟೆಸ್ಟ್ ಕೂಡ ಮಾಡಿದೆ, ಮೇನ್ ಇಳಿಸಿದ್ರೆ ಎರಡು ಸೆಕೆಂಡ್ ಒಳಗೆ ಇನ್ವರ್ಟರ್ ನಿಲ್ಲಬೇಕು, ನಿಂತಿತು, ಇನ್ವರ್ಟರಲ್ಲಿ ಯಾವ ದೋಷವೂ ಇರಲಿಲ್ಲ.

ಸ್ಕೀಮಿನ ಪ್ರಕಾರ ಐದು ವರ್ಷ ಮೇಂಟೆನೆನ್ಸ್ ಹಾಕಿದೋರದ್ದೇ ಜವಾಬ್ದಾರಿ, ಅದನ್ನ ಗೌಡ್ರಿಗೆ ಹೇಳಿ, ಫೋಟೋ ಮತ್ತೆ ನನ್ನ ರೀಡಿಂಗ್ ಎಲ್ಲ ಸೇರಿಸಿ ಕಂಪನಿಗೆ ಬರೆಸಿದೆ. ಬಂದ್ರು. ಬಂದಿದ್ದು ಇಬ್ಬರು ಹುಡುಗರು, ಇಪ್ಪತ್ತೆರಡು ಇಪ್ಪತ್ಮೂರು ವರ್ಷ, ಅವರ ಮೇಲೆ ಸಿಟ್ಟು ಮಾಡೋ ಮನಸ್ಸಾಗಲಿಲ್ಲ, ಒಬ್ಬ ಹೇಳ್ದ "ಅಣ್ಣ, ಒಂದು ದಿನಕ್ಕೆ ಎರಡು ಸೈಟ್ ಮುಗಿಸ್ಬೇಕು, ಮೆಗ್ಗರ್ ನಮ್ಮ ಹತ್ರ ಇಲ್ಲ" ಅಂತ. ಮೆಗ್ಗರ್ ಹಿಡಿಯೋದು ಹೇಗೆ ಅಂತ ಅವನ ಕೈಯಲ್ಲೇ ಕೊಟ್ಟು ಮಾಡ್ಸಿದೆ, ಆಸೆಯಿಂದ ಕಲಿತ. ಕೇಬಲ್ ಪೂರ್ತಿ ಬದಲಾಯ್ಸಿ ಪೈಪೊಳಗೆ ಎಳೆದು, ಅಟ್ಟದ ಮೇಲೆ ಹೋಗೋದು ತಪ್ಪಿಸಿ ಹೊರಗೋಡೆ ಮೇಲೆ ತಂದು, ಒಂದೇ ಮೇಕಿನ ಕನೆಕ್ಟರ್, ಡಿಸಿ ಎಂಸಿಬಿ, ಡಬ್ಬಿ ಮೇಲೆ "ಹಗಲಲ್ಲಿ ಯಾವಾಗಲೂ ಕರೆಂಟ್ ಇರುತ್ತೆ" ಅಂತ ಕನ್ನಡದಲ್ಲೇ ಬೋರ್ಡ್. ಒದ್ದೆ ಮಾಡಿ ಮೆಗ್ಗರ್ ಮಾಡಿದ್ರೆ 60 ಮೆಗಾಓಮ್. ಅರ್ಥಿಂಗ್, ಚೇಂಜ್ ಓವರ್ ಕೆಲಸದ ಖರ್ಚು ಗೌಡ್ರೇ ಕೊಟ್ರು, 14 ಸಾವಿರ ಆಯ್ತು. ಹೊಸ ಟೆಸ್ಟ್ ಶೀಟಲ್ಲಿ ದಿನ, ಗಂಟೆ, ಹವಾಮಾನ, ಯಾವ ಮೀಟರ್, ಬಂದ ನಂಬರು ಎಲ್ಲ ಕೈಯಲ್ಲಿ ಬರೆದು, ಆ ಹುಡುಗನ ಸಹಿ, ನನ್ನ ಸಹಿ, ಗೌಡ್ರ ಸಹಿ ಹಾಕಿ ಡಬ್ಬಿ ಬಾಗಿಲ ಒಳಗೆ ಅಂಟಿಸಿದ್ವಿ.

ಜೂನಲ್ಲಿ ಮಳೆ ಹಿಡೀತು. ಒಂದು ದಿನ ಬೆಳಗ್ಗೆ ಏಳೂಕಾಲಿಗೆ ಗೌಡ್ರ ಮಗ ಫೋಟೋ ಕಳಿಸ್ದ, ಸುತ್ತ ಮಂಜು, ಶೀಟಿಂದ ನೀರಿಳೀತಿದೆ, ಇನ್ವರ್ಟರಲ್ಲಿ ಹಸಿರು ಲೈಟು, 180 ವ್ಯಾಟ್. ಅರ್ಥ್ ಓಮ್ ಮಾತ್ರ ಬರೋ ಮಾರ್ಚಲ್ಲಿ ನೆಲ ಒಣಗಿದ್ಮೇಲೆ ಇನ್ನೊಂದ್ಸಲ ಅಳೀತೀನಿ ಅಂತ ಅವನಿಗೆ ಹೇಳಿಟ್ಟಿದ್ದೀನಿ.